ಮಕ್ಕಳ ಪ್ರಬಂಧವನ್ನು ಮಕ್ಕಳೇ ಓದಿ ಹೇಳುವುದು: ನಿಮ್ಮ ಕ್ಲಾಸಿನಲ್ಲಿ ಕೈಗೂಡಿದೆಯಾ?

ಪ್ರಶ್ನೆ (ಹೊಸದಾಗಿ ಸೇರಿದ ಹೈಸ್ಕೂಲ್ ಕನ್ನಡ ಟೀಚರ್)

ಒಂಬತ್ತನೇ ಕ್ಲಾಸಿಗೆ ಕನ್ನಡ ಪಾಠ ಮಾಡುತ್ತೇನೆ. 48 ಮಕ್ಕಳು. ಪ್ರಬಂಧದ ನೋಟ್‌ಬುಕ್ಕುಗಳನ್ನು ಮನೆಗೆ ಹೊತ್ತುಕೊಂಡು ಹೋಗಿ, ರಾತ್ರಿ ಕೂತು ಕೆಂಪು ಪೆನ್ನಿನಲ್ಲಿ ತಿದ್ದಿ ತಂದುಕೊಡುತ್ತೇನೆ. ಅವರು ಅಂಕ ಎಷ್ಟು ಅಂತ ನೋಡಿ ಮುಚ್ಚಿಡುತ್ತಾರೆ. ಅದಕ್ಕೇ ಹೋದ ವಾರ ಪಕ್ಕದವರ ಪ್ರಬಂಧ ಓದಿ ಅಭಿಪ್ರಾಯ ಬರೆಯಿರಿ ಅಂದೆ. ಅರ್ಧ ಜನ 'ಚೆನ್ನಾಗಿದೆ' ಅಂತ ಬರೆದರು, ಉಳಿದವರು 'ಅಕ್ಷರ ದುಂಡಾಗಿಲ್ಲ' ಅಂದರು. ಒಬ್ಬ 'ಸೂಪರ್ ಮಗಾ' ಅಂತ ಬರೆದ. ಇಷ್ಟಾದರೂ ಯಾರೂ ಒಂದು ಸಾಲನ್ನೂ ಬದಲಾಯಿಸಲಿಲ್ಲ. ಮಾಡಿ ನೋಡಿದವರು ಇದ್ದರೆ ಹೇಳಿ, ಇದು ಆಗುವ ಕೆಲಸವಾ?

ಕೋಲಾರದ ಕಡೆಯ ಮೇಷ್ಟ್ರು, 16 ವರ್ಷದ ಸರ್ವಿಸು

ಮೇಡಂ, ಬೇಜಾರು ಮಾಡ್ಕೋಬೇಡಿ, 'ಸೂಪರ್ ಮಗಾ' ನಮ್ಮಲ್ಲೂ ಬಂದಿತ್ತು. ಅಭಿಪ್ರಾಯ ಬರೆಯಿರಿ ಅಂದರೆ ಮಕ್ಕಳಿಗೆ ಗೊತ್ತಿರುವುದು ಎರಡೇ, ಹೊಗಳುವುದು, ಇಲ್ಲ ಕಾಗುಣಿತ ಹಿಡಿಯುವುದು. ನಮ್ಮ ಕೆಂಪು ಪೆನ್ನು ನೋಡಿಯೇ ಅಲ್ವಾ ಕಲಿತಿದ್ದು.

ನಾನು ಮೊದಲ ವರ್ಷ ಇನ್ನೂ ದೊಡ್ಡ ಎಡವಟ್ಟು ಮಾಡಿದ್ದೆ. ಹತ್ತಕ್ಕೆ ಎಷ್ಟು ಅಂತ ನೀವೇ ಹಾಕಿ ಅಂದುಬಿಟ್ಟೆ. ಗೆಳೆಯನಿಗೆ ಹತ್ತಕ್ಕೆ ಹತ್ತು, ಹಿಂದಿನ ದಿನ ಕಬಡ್ಡಿಯಲ್ಲಿ ಜಗಳ ಆಡಿದವನಿಗೆ ಮೂರು. ಒಬ್ಬ ಹುಡುಗ ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ 'ಇದು ಗೈಡಿಂದ ಕಾಪಿ' ಅಂತ ದಪ್ಪಕ್ಷರದಲ್ಲಿ ಬರೆದ. ಕಾಪಿಯೇ ಹೌದು, ನನಗೂ ಗೊತ್ತಿತ್ತು. ಆದರೆ ಆ ಹುಡುಗಿ ಆಮೇಲೆ ಆ ವರ್ಷ ಪೂರ್ತಿ ಯಾರ ಕೈಗೂ ಪುಸ್ತಕ ಕೊಡಲಿಲ್ಲ. ಅವತ್ತಿಗೇ ಅಂಕ ಹಾಕಿಸುವುದನ್ನು ಬಿಟ್ಟೆ.

ಈಗ ಮಾಡಿಸುವುದು ಇಷ್ಟು. ಬಲಗಡೆ ಪುಟದಲ್ಲಿ ಬರೆಯುತ್ತಾರೆ, ಎಡಗಡೆ ಪುಟ ಖಾಲಿ, ಓದಿದವರ ಮಾತು ಅಲ್ಲಿಗೆ, ಅದೂ ಪೆನ್ಸಿಲ್ಲಿನಲ್ಲಿ. ತಿದ್ದುವ ಹಾಗಿಲ್ಲ. ಕಣ್ಣಿಗೆ ಕಟ್ಟಿದ ಒಂದು ಸಾಲಿನ ಕೆಳಗೆ ಗೆರೆ ಎಳೆಯಬೇಕು, ಅರ್ಥ ಆಗದ ಕಡೆ ಪ್ರಶ್ನೆ ಚಿಹ್ನೆ ಹಾಕಬೇಕು, ಆಮೇಲೆ ಬರೆದವರಿಗೆ ಒಂದು ಪ್ರಶ್ನೆ ಕೇಳಬೇಕು. ಮೊದಲೆರಡು ಸುಮ್ನೆ ಕೈ ಪಳಗಲಿ ಅಂತ, ಕೆಲಸ ಮಾಡುವುದು ಆ ಪ್ರಶ್ನೆಯೇ.

ಒಂದು ಸಲ 'ನಮ್ಮೂರ ಸಂತೆ' ಕೊಟ್ಟಿದ್ದೆ. ಒಬ್ಬ ಹುಡುಗನ ಪೀಠಿಕೆ ಹೀಗಿತ್ತು: 'ಸಂತೆಯು ಗ್ರಾಮೀಣ ಜನಜೀವನದ ಅವಿಭಾಜ್ಯ ಅಂಗವಾಗಿದೆ. ಸಂತೆಯಿಂದ ಅನೇಕ ಉಪಯೋಗಗಳಿವೆ.' ಉಪಸಂಹಾರವೂ ಅದೇ, ಪದ ಹಿಂದೆ ಮುಂದೆ ಆಗಿತ್ತು ಅಷ್ಟೇ. ನಾನಾಗಿದ್ದರೆ 'ಉದಾಹರಣೆ ಕೊಡು' ಅಂತ ಗೀಚಿ ಸಹಿ ಹಾಕುತ್ತಿದ್ದೆ. ಪಕ್ಕದ ಹುಡುಗ ಎಡಗಡೆ ಬರೆದ: 'ನೀನು ಮಂಗಳವಾರ ಮಂಗಳವಾರ ನಿಮ್ಮಪ್ಪನ ಜೊತೆ ಟೊಮೆಟೊ ಮಾರೋಕೆ ಕೂತ್ಕೋತೀಯಲ್ಲ, ಅದೆಲ್ಲಿ?' ಎರಡನೇ ಸಲ ಬರೆದಾಗ ಬಂತು ನೋಡಿ. ಬೆಳಿಗ್ಗೆ ಗುಡ್ಡೆಗೆ ಆರು ಹಣ್ಣು, ಮಧ್ಯಾಹ್ನ ಎಂಟು, ಕತ್ತಲಾಗುವ ಹೊತ್ತಿಗೆ ಲೆಕ್ಕವೇ ಇಲ್ಲ. ಕೊನೆಯ ಸಾಲು: 'ಉಳಿದಿದ್ದನ್ನು ಅಪ್ಪ ಮನೆಗೆ ತರುವುದಿಲ್ಲ, ದಾರಿಯಲ್ಲೇ ಹಸುಗಳಿಗೆ ಹಾಕುತ್ತಾರೆ, ಅಮ್ಮ ನೋಡಿದರೆ ಸುಮ್ಮನಾಗಿಬಿಡುತ್ತಾಳೆ ಅಂತ.' ಇದನ್ನು ನಾನು ಹೇಳಿ ಬರೆಸೋಕೆ ಆಗ್ತಿತ್ತಾ? ಅವರಪ್ಪ ಸಂತೆಯಲ್ಲಿ ಕೂರುತ್ತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಪಕ್ಕದ ಹುಡುಗನಿಗೆ ಗೊತ್ತಿತ್ತು.

ಇನ್ನೊಂದು, ಬರೆದವರ ಕೈಯಲ್ಲಿ ಓದಿಸಬೇಡಿ. ಜೊತೆಯವರು ಗಟ್ಟಿಯಾಗಿ ಓದಲಿ, ಬರೆದವರು ಕೇಳಲಿ. ತಾನೇ ಓದಿದರೆ ಬಿಟ್ಟುಹೋದ ಪದವನ್ನೂ ಬಾಯಿ ಸೇರಿಸಿಕೊಂಡು ಓದುತ್ತದೆ. ಬೇರೆಯವರು ಓದುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ಸಾಲು ಕೆಟ್ಟಿದೆ ಅಂತ ಯಾರೂ ಹೇಳಬೇಕಾಗಿಲ್ಲ. ಕಾಗುಣಿತ ಕೊನೆಗೆ, ಅದಕ್ಕೆ ಬೇರೆ ದಿನ. ನಮ್ಮ ಮಕ್ಕಳಿಗೆ 'ಹ' ಬಿಟ್ಟುಹೋಗುವುದು ಜಾಸ್ತಿ, ಹಾಲು ಆಲು ಆಗುತ್ತದೆ. ಅದನ್ನು ಮೊದಲೇ ಹಿಡಿಯೋಕೆ ಬಿಟ್ಟರೆ ಮಕ್ಕಳು ಬೇರೇನನ್ನೂ ನೋಡುವುದಿಲ್ಲ.

ಹತ್ತನೇ ಕ್ಲಾಸು ತಗೊಳ್ಳುವ ಇನ್ನೊಬ್ಬ ಟೀಚರ್

ಸರ್, ಕೇಳೋಕೆ ಚೆನ್ನಾಗಿದೆ. ನಮ್ಮದು 62 ಮಕ್ಕಳು, 40 ನಿಮಿಷದ ಪಿರಿಯಡ್ಡು, ಹಾಜರಿಗೇ ಐದು ನಿಮಿಷ ಹೋಗುತ್ತದೆ. ಪೋರ್ಷನ್ ಯಾರು ಮುಗಿಸಬೇಕು? ಪರೀಕ್ಷೆಯಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇದೆಯಾ ಅಂತ ನೋಡುತ್ತಾರೆ, ಹಸುಗಳಿಗೆ ಟೊಮೆಟೊ ಹಾಕಿದ್ದಕ್ಕೆ ಅಂಕ ಕೊಡುತ್ತಾರಾ? ಮತ್ತೆ ಸರಿಯಾಗಿ ಓದೋಕೇ ಬರದ ಏಳೆಂಟು ಮಕ್ಕಳಿದ್ದಾರೆ, ಅವರ ಕೈಗೆ ಯಾರ ಪ್ರಬಂಧ ಕೊಡಲಿ?

ಕೋಲಾರದ ಮೇಷ್ಟ್ರು

ಒಪ್ಪಿದೆ ಮೇಡಂ, ಹತ್ತನೇ ಕ್ಲಾಸಿನಲ್ಲಿ ಜನವರಿ ಆದಮೇಲೆ ನಾನೂ ಇದರ ಗೋಜಿಗೆ ಹೋಗುವುದಿಲ್ಲ. ಎಂಟು, ಒಂಬತ್ತರಲ್ಲಿ ಮಾಡಿಸುತ್ತೇನೆ. ಇಡೀ ಪ್ರಬಂಧ ಬೇಡವೇ ಬೇಡ, ಒಂದು ಪ್ಯಾರಾ, ಎಂಟು ಸಾಲು. ಅದನ್ನು ಇಬ್ಬರು ಓದುತ್ತಾರೆ. ಮಾರನೇ ದಿನ ಕ್ಲಾಸಿನಲ್ಲೇ ಕೂತು ಮತ್ತೆ ಬರೆಯುತ್ತಾರೆ. ಮನೆಗೆ ಕೊಟ್ಟರೆ ಸತ್ತರೂ ಬರೆಯುವುದಿಲ್ಲ, ಮೊದಲನೆಯದನ್ನೇ ಅಂದವಾಗಿ ನಕಲು ಮಾಡಿ ತರುತ್ತಾರೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ವರ್ಷದ ನಡುನಡುವೆ ಮಕ್ಕಳ ಕಲಿಕೆ ನೋಡುವುದಕ್ಕೆ, ಹೇಗೂ ಚಟುವಟಿಕೆ ತೋರಿಸಬೇಕಲ್ಲ, ಎರಡೂ ಪ್ರತಿ ಅದರ ಫೈಲಿಗೆ ಹಾಕುತ್ತೇನೆ, ಅಷ್ಟು ಕೆಲಸ ಉಳಿಯಿತು.

ಓದೋಕೆ ಕಷ್ಟ ಇರುವವರು ಕೇಳುವವರಾಗಲಿ. ಪ್ರಶ್ನೆ ಬಾಯಲ್ಲಿ ಕೇಳಲಿ, ಬರೆದವರು ಅದನ್ನು ಬರೆದುಕೊಳ್ಳಲಿ. 'ಆಮೇಲೇನಾಯ್ತು?' ಅಂತ ಕೇಳುವುದರಲ್ಲಿ ಅವರೇ ಮುಂದು. ಪೀಠಿಕೆ ಇರಲಿ, ನಾನು ತೆಗೆಸುವುದಿಲ್ಲ. ಟೊಮೆಟೊ ಹೋಗಬೇಕಾದ್ದು ವಿಷಯ ವಿವರಣೆಗೆ.

ಡಿಗ್ರಿ ಕಾಲೇಜಿನ ಉಪನ್ಯಾಸಕಿ, ಬೆಂಗಳೂರು

ನನ್ನದು ಇಂಗ್ಲಿಷ್ ವಿಭಾಗ, ಆದರೂ ಹೇಳಿಬಿಡುತ್ತೇನೆ. 2009ರಲ್ಲಿ ಲಂಡ್‌ಸ್ಟ್ರಾಮ್ ಮತ್ತು ಬೇಕರ್ ಅನ್ನುವ ಇಬ್ಬರು ಅಮೆರಿಕದಲ್ಲಿ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವ ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಮಾಡಿದ್ದರು. ಒಂದು ಗುಂಪು ಬೇರೆಯವರ ಬರಹ ನೋಡಿ ಸಲಹೆ ಕೊಡುವುದನ್ನು ಮಾತ್ರ ಕಲಿತಿತು, ಇನ್ನೊಂದು ಗುಂಪು ಬಂದ ಸಲಹೆಯನ್ನು ಬಳಸಿ ತಿದ್ದುವುದನ್ನು ಮಾತ್ರ. ಕೊನೆಗೆ ಸ್ವಂತ ಬರವಣಿಗೆ ಜಾಸ್ತಿ ಸುಧಾರಿಸಿದ್ದು ಸಲಹೆ ಕೊಟ್ಟವರದ್ದು. ಅದಕ್ಕೇ 48 ಮಕ್ಕಳೂ ತಿದ್ದಿಕೊಂಡರಾ ಅಂತ ತಲೆ ಕೆಡಿಸಿಕೊಳ್ಳಬೇಡಿ ಮೇಡಂ, ಓದಿದವರ ಮುಂದಿನ ಪ್ರಬಂಧವನ್ನೂ ಒಂದು ಸಲ ನೋಡಿ.

ಮಕ್ಕಳಿಗೆ ಮೊದಲ ದಿನ ತೋರಿಸೋಕೆ ಆಸ್ಟಿನ್ ಎಂಬ ಪುಟ್ಟ ಹುಡುಗನ ಚಿಟ್ಟೆಯ ಕತೆ ಒಳ್ಳೆಯದು. ಅಮೆರಿಕದ ಐಡಹೊ ರಾಜ್ಯದಲ್ಲಿ ಒಂದನೇ ಕ್ಲಾಸಿನವನು, ಫೋಟೋ ನೋಡಿ ಚಿಟ್ಟೆ ಬಿಡಿಸಬೇಕಿತ್ತು. ಮೊದಲ ಚಿತ್ರ ಎಲ್ಲಾ ಮಕ್ಕಳು ಬಿಡಿಸುವ ಹಾಗೇ ಇತ್ತು. ಜೊತೆಯ ಮಕ್ಕಳು ರೆಕ್ಕೆಯ ಆಕಾರದ ಬಗ್ಗೆ ಒಂದು ಸಲ, ಪಟ್ಟೆಗಳ ಬಗ್ಗೆ ಇನ್ನೊಂದು ಸಲ ಹೇಳುತ್ತಾ ಹೋದರು, ಆರನೇ ಚಿತ್ರದ ಹೊತ್ತಿಗೆ ನಿಜವಾದ ಚಿಟ್ಟೆಯೇ ಬಂದು ಕೂತ ಹಾಗಾಯಿತು. ರಾನ್ ಬರ್ಗರ್ ಅನ್ನುವ ಶಿಕ್ಷಕರು ಆ ಚಿತ್ರಗಳನ್ನು ಇಟ್ಟುಕೊಂಡೇ ಇದನ್ನು ಹೇಳಿಕೊಡುತ್ತಾರೆ. ನಮ್ಮ ಡಿಗ್ರಿ ಹುಡುಗರೂ ಬಾಯಿ ಬಿಟ್ಟುಕೊಂಡು ನೋಡಿದರು. (ಈಗಿನ ನಮ್ಮ ಕಷ್ಟ ಬೇರೆ, ಸಲಹೆಯನ್ನೂ ಚಾಟ್‌ಜಿಪಿಟಿ ಹತ್ತಿರ ಬರೆಸಿಕೊಂಡು ಬರುತ್ತಾರೆ. ಪೆನ್ಸಿಲ್ಲೇ ವಾಸಿ.)

ಹೆಡ್‌ಮಾಸ್ಟರು ಕೇಳಿದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರಗತಿ ಪತ್ರದೊಳಗೆ ಸಹಪಾಠಿಗಳ ಮೌಲ್ಯಮಾಪನವೂ ಇರಬೇಕು ಅಂತಿದೆ ಅನ್ನಿ.

ಪ್ರಶ್ನೆ ಕೇಳಿದವರು, ಎರಡು ವಾರ ಆದಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಗುರುವಾರ ಶುಕ್ರವಾರ ಮಾಡಿಸಿದೆ, 'ಮನೆಯಲ್ಲಿ ಬೈಸಿಕೊಂಡ ದಿನ' ಅಂತ ಒಂದು ಪ್ಯಾರಾ. 48ರಲ್ಲಿ 19 ಜನ ಏನಾದರೂ ಹೊಸದಾಗಿ ಸೇರಿಸಿದ್ದಾರೆ, ಉಳಿದವರದ್ದು ಅದೇ ನಕಲು. ಗಲಾಟೆ ಮಾತ್ರ ವಿಪರೀತ, ಪಕ್ಕದ ಕ್ಲಾಸಿನವರು ಬಂದು ಇಣುಕಿ ಹೋದರು. 'ಸೂಪರ್ ಮಗಾ' ಹುಡುಗ ಈ ಸಲ 'ನಿಮ್ಮಜ್ಜಿ ಬೈದಾಗ ನೀನೇನಂದೆ?' ಅಂತ ಕೇಳಿದ್ದಾನೆ. ಬರೆದ ಹುಡುಗಿ ಅದರ ಕೆಳಗೆ ಪೆನ್ಸಿಲ್ಲಿನಲ್ಲೇ 'ಹೇಳಲ್ಲ ಹೋಗೋ' ಅಂತ ಉತ್ತರ ಕೊಟ್ಟಿದ್ದಾಳೆ. ಇದಕ್ಕೇನು ಮಾಡೋದು ಮೇಷ್ಟ್ರೇ?

ಕೋಲಾರದ ಮೇಷ್ಟ್ರು

19 ಕಮ್ಮಿ ಏನಲ್ಲ, ನನಗೆ ಮೊದಲ ಸಲ ನಾಲ್ಕು ಬಂದಿತ್ತು. ಆ ಹುಡುಗಿಯನ್ನು ಬಿಟ್ಟುಬಿಡಿ, ಹೇಳುವುದು ಬಿಡುವುದು ಅವಳಿಷ್ಟ. ಕೇಳಿದ್ದಕ್ಕೆಲ್ಲ ಉತ್ತರ ಬರೆಯಲೇಬೇಕು ಅಂತ ನಾನೂ ಒಂದು ವರ್ಷ ರೂಲ್ಸ್ ಮಾಡಿದ್ದೆ, ಒಳ್ಳೆ ಎಂಟು ಸಾಲು ಎರಡು ಪುಟದ ಕಲಸುಮೇಲೋಗರ ಆಗಿ ಕೂತಿತ್ತು. ಈಗ ಇಬ್ಬರ ಪ್ರಶ್ನೆಯಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತೇನೆ. ಮುಂದಿನ ಸಲ ಕಿಟಕಿ ಮುಚ್ಚಿ ಮಾಡಿಸಿ, ಇಲ್ಲ ಮರದ ಕೆಳಗೆ ಕರ್ಕೊಂಡು ಹೋಗಿ.