ಗೈಡ್ ಆರಿಸುವಾಗ ಎಚ್-ಇಂಡೆಕ್ಸ್ ಎಷ್ಟು ನೋಡಬೇಕು?

ಪ್ರಶ್ನೆ (ಎಂಡಿಎಸ್ ವಿದ್ಯಾರ್ಥಿನಿ, ಧಾರವಾಡ):
ನಮಸ್ಕಾರ ಸರ್. ನಾನು ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ಓದುತ್ತಿದ್ದೇನೆ. ಥೀಸಿಸ್‌ಗೆ ಗೈಡ್ ಯಾರು ಅಂತ ಈ ತಿಂಗಳೇ ಹೇಳಬೇಕು. ಗೂಗಲ್ ಸ್ಕಾಲರ್‌ನಲ್ಲಿ ಒಬ್ಬ ಸರ್ ಎಚ್-ಇಂಡೆಕ್ಸ್ 21 ಇದೆ, ಇನ್ನೊಬ್ಬ ಮೇಡಂದು 6. ಮೇಡಂ ಮುಂಡರಗಿ ಕಡೆಯ ಶಾಲಾ ಮಕ್ಕಳ ಹಲ್ಲಿನ ಫ್ಲೋರೋಸಿಸ್ (ಕುಡಿಯುವ ನೀರಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿಗೆ ಬೀಳುವ ಕಲೆ) ಮೇಲೆ ಕೆಲಸ ಮಾಡುತ್ತಾರೆ. ನನಗೂ ಅದೇ ಇಷ್ಟ. ಆದ್ರೆ ಗೆಳತಿಯರೆಲ್ಲ 21 ಇರೋರ ಹತ್ರಾನೇ ಹೋಗು ಅಂತಿದ್ದಾರೆ.

ಉತ್ತರ (ನಿವೃತ್ತ ಡೆಂಟಲ್ ಪ್ರೊಫೆಸರ್, ಹುಬ್ಬಳ್ಳಿ):
ತಂಗಿ, ಮೊದಲು ಆ ಅಂಕಿ ಹೇಗೆ ಬರುತ್ತದೆ ನೋಡು. ಒಬ್ಬರ ಆರು ಪೇಪರ್‌ಗಳಿಗೆ 40, 12, 9, 5, 3, 1 ಸೈಟೇಶನ್ ಬಂದಿವೆ, ಅಂದರೆ ಬೇರೆ ಪೇಪರ್‌ಗಳು ಅವನ್ನು ಅಷ್ಟು ಸಲ ಉಲ್ಲೇಖಿಸಿವೆ ಅಂದುಕೋ. ಕನಿಷ್ಠ 4 ಸೈಟೇಶನ್ ಇರುವ ಪೇಪರ್ 4 ಇವೆ. ಎಚ್-ಇಂಡೆಕ್ಸ್ 4. ಮೊದಲನೆಯದಕ್ಕೆ 40ರ ಬದಲು 400 ಬಂದರೂ ಅದು 4ರಲ್ಲೇ ನಿಲ್ಲುತ್ತದೆ. 2005ರಲ್ಲಿ ಇದನ್ನು ಕೊಟ್ಟ ಹಿರ್ಷ್ ಭೌತಶಾಸ್ತ್ರದವರು, ದಂತವೈದ್ಯರಲ್ಲ.

ಈ ಅಂಕಿ ಏರುತ್ತದೆ, ಇಳಿಯುವುದಿಲ್ಲ. ಸರ್ವಿಸ್ ಜಾಸ್ತಿ ಆದಷ್ಟು ಅದೂ ಜಾಸ್ತಿ. ವಿಷಯದ ಮೇಲೂ ಹೋಗುತ್ತದೆ. ಇಂಪ್ಲಾಂಟ್, ಬಾಯಿ ಕ್ಯಾನ್ಸರ್ ಬಗ್ಗೆ ಲೋಕದ ತುಂಬ ಜನ ಬರೆಯುತ್ತಾರೆ. ಮುಂಡರಗಿಯ ಬೋರ್‌ವೆಲ್ ನೀರಿನ ಬಗ್ಗೆ ಬರೆಯುವವರು ಎಷ್ಟು ಮಂದಿ?

ಇನ್ನೊಂದು, ನಮ್ಮ ಕಡೆ ಪಾಟೀಲರು, ಕುಲಕರ್ಣಿಯವರು ಎಷ್ಟು ಜನ ಇದ್ದಾರೆ ನಿನಗೇ ಗೊತ್ತು. ಇನಿಷಿಯಲ್ ಒಂದೇ ಆದರೆ ಸ್ಕಾಲರ್ ಬೇರೆಯವರ ಪೇಪರನ್ನೂ ಇವರ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಒಬ್ಬೊಬ್ಬ ಸಂಶೋಧಕರಿಗೂ ಬೇರೆ ಬೇರೆ ಗುರುತು ಕೊಡುವ, 2012ರಲ್ಲಿ ಶುರುವಾದ ಆರ್ಕಿಡ್ (ORCID) ನಂಬರ್, 16 ಅಂಕಿಯದು, ಇದಕ್ಕೇ ಬಂದದ್ದು. ನೀನೂ ಈಗಲೇ ಮಾಡಿಸಿಕೋ, ದುಡ್ಡಿಲ್ಲ.

ಇಬ್ಬರದೂ ಮೂರು ಮೂರು ಪೇಪರ್ ತೆಗೆದು ಕೂತು ಓದು. ಮೇಡಂ ಪೇಪರ್‌ನಲ್ಲಿ ನಾನಾದರೆ ಇದನ್ನು ಹುಡುಕುತ್ತೇನೆ: ಮಗು ಹುಟ್ಟಿದಾಗಿಂದ ಅದೇ ಊರಲ್ಲಿದೆಯಾ? ಫ್ಲೋರೋಸಿಸ್ ಆಗುವುದು ಹಲ್ಲು ಒಸಡಿನೊಳಗೆ ತಯಾರಾಗುವಾಗ. ಶಾಶ್ವತ ಮುಂಬಾಚಿ ಹಲ್ಲಿನ ಎನಾಮಲ್ 4-5 ವಯಸ್ಸಿಗೆಲ್ಲ ಮುಗಿದಿರುತ್ತದೆ. ಹತ್ತು ವರ್ಷಕ್ಕೆ ಹುಬ್ಬಳ್ಳಿಯಿಂದ ಅಲ್ಲಿಗೆ ಹೋದ ಹುಡುಗನನ್ನೂ ಎಣಿಸಿದರೆ ಲೆಕ್ಕವೇ ಕೆಟ್ಟಿತು. ಆಮೇಲೆ, ಆ ಮಗು ಕುಡಿದ ಬೋರ್‌ವೆಲ್‌ನ ನೀರನ್ನೇ ಟೆಸ್ಟ್ ಮಾಡಿಸಿದ್ದಾರಾ? ಇಬ್ಬರು ಬೇರೆ ಬೇರೆ ಹಲ್ಲು ನೋಡಿ ಡೀನ್ ಇಂಡೆಕ್ಸ್ (ಫ್ಲೋರೋಸಿಸ್ ಎಷ್ಟಿದೆ ಅನ್ನುವ ದರ್ಜೆ) ಹಾಕಿದಾಗ ಎಷ್ಟು ತಾಳೆಯಾಯಿತು, ಆ ತಾಳೆಯ ಅಳತೆ ಕಪ್ಪಾ ಬರೆದಿದ್ದಾರಾ? ಶಾಲೆ ಕಟ್ಟೆಯ ಮೇಲೆ, ಹಗಲು ಬೆಳಕಲ್ಲಿ, ಬಾಯಿ ತೆರೆಸಿ ಒಂದೊಂದೇ ಹಲ್ಲು ನೋಡಿದ ಕೆಲಸ ಮೆಥಡ್ಸ್ ಓದಿದರೆ ಗೊತ್ತಾಗುತ್ತದೆ.

ಹಾಗೇ 21 ಇರುವ ಸರ್‌ಗೆ ಅನ್ಯಾಯ ಮಾಡಬೇಡ. ಅವರ ಪೇಪರ್‌ಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಗಳದೇ ಇದ್ದರೆ ಅವರು ಒಳ್ಳೆಯ ಗೈಡ್ ಇರಬಹುದು.

ಪ್ರಶ್ನೆ (ಕ್ಲಿನಿಕ್ ನಡೆಸುವವರು, ಹಾವೇರಿ):
ಸರ್, ಇದರ ಜೊತೆಗೇ ಕೇಳ್ತೀನಿ. ಐದು ದಿನದಲ್ಲಿ ಛಾಪಿಸ್ತೀವಿ, ಇಂಪ್ಯಾಕ್ಟ್ ಫ್ಯಾಕ್ಟರ್ 7ರ ಮೇಲಿದೆ ಅಂತ ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ನಂದೊಂದು ಕೇಸ್ ರಿಪೋರ್ಟ್ ಇದೆ. ಕಳಿಸಲಾ?

ಉತ್ತರ:
ಬೇಡ ಡಾಕ್ಟರೇ. ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಒಂದು ಜರ್ನಲ್‌ನ ಪೇಪರ್‌ಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬರುತ್ತದೆ ಅನ್ನುವ ಅಂಕಿ, ಕೊಡುವುದು ಕ್ಲಾರಿವೇಟ್‌ನವರ ಜರ್ನಲ್ ಸೈಟೇಶನ್ ರಿಪೋರ್ಟ್ಸ್. ಅದರಲ್ಲಿ ಹೆಸರಿಲ್ಲದಿದ್ದರೆ ಆ 7 ಸುಳ್ಳು. ಐದು ದಿನದಲ್ಲಿ ನಿಮ್ಮ ಕೇಸನ್ನು ಯಾರು ಓದಿ, ತಪ್ಪು ತಿದ್ದುತ್ತಾರೆ? ಬಹಳ ವರ್ಷದ ಹಿಂದೆ ನಾನೂ ಒಂದು ಜರ್ನಲ್‌ಗೆ ದುಡ್ಡು ಕಟ್ಟಿದ್ದೆ. ಎರಡು ವರ್ಷಕ್ಕೆ ವೆಬ್‌ಸೈಟೇ ಹೋಯಿತು. ಒಬ್ಬ ಹುಡುಗಿಯ ಆರು ತಿಂಗಳ ದುಡಿಮೆ ಅದರಲ್ಲಿತ್ತು, ಇವತ್ತಿಗೂ ಬೇಜಾರು. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರ್ ಹುಡುಕುವ ತಾಣ) ಸಿಗುತ್ತದೆ ಅನ್ನುವುದಷ್ಟೇ ಸಾಲದು, ಅದರೊಳಗೇ ಪರಿಶೀಲಿಸಿ ಆರಿಸಿದ ಜರ್ನಲ್‌ಗಳ ಪಟ್ಟಿಯಾದ ಮೆಡ್‌ಲೈನ್‌ನಲ್ಲಿ ಇದೆಯಾ ನೋಡಿ. ಎಡಿಟರ್‌ಗಳಲ್ಲಿ ಒಬ್ಬರಿಗೆ ಮೇಲ್ ಹಾಕಿ ಕೇಳಿ. ತಮ್ಮ ಹೆಸರು ಅಲ್ಲಿರುವುದು ಕೆಲವರಿಗೆ ಗೊತ್ತೇ ಇರುವುದಿಲ್ಲ.

ಮೊದಲ ಪ್ರಶ್ನೆ ಕೇಳಿದವರು:
ಸರ್, ರಾತ್ರಿ ಕೂತು ಮೇಡಂ ಎರಡು ಪೇಪರ್ ಓದಿದೆ. ಹುಟ್ಟಿನಿಂದ ಅಲ್ಲೇ ಇರುವ ಮಕ್ಕಳನ್ನು ಮಾತ್ರ ತಗೊಂಡಿದ್ದಾರೆ, ಕಪ್ಪಾನೂ ಇದೆ. ಸೋಮವಾರ ಮೇಡಂ ಹತ್ರ ಹೋಗ್ತೀನಿ. ಏನು ಕೇಳಲಿ?

ಉತ್ತರ:
ಹಳೇ ಡೇಟಾ ಶೀಟ್ ಇಟ್ಟಿದ್ದೀರಾ ಅಂತ ಕೇಳು. ಇಟ್ಟಿದ್ದರೆ ಅದೇ ಶಾಲೆಗಳಿಗೆ ಮತ್ತೆ ಹೋಗು. ನೀರು ಬದಲಾದ ಊರಲ್ಲಿ ಈಗಿನ ಮಕ್ಕಳ ಹಲ್ಲು ಹೇಗಿವೆ ನೋಡಬಹುದು.