ಸಾಲಿ ಲ್ಯಾಬ್‌ನ್ಯಾಗ ಆರು ತಿಂಗಳಿಗೊಮ್ಮೆ ‘ಆಕ್ಟಿವೇಟ್ ವಿಂಡೋಸ್’ ಬರ್ತೇತಿ, ಏನ್ ಮಾಡ್ಬೇಕ್ರಿ?

ಪ್ರಶ್ನೆ – ಹೈಸ್ಕೂಲ್ ಮಾಸ್ತರ್ರು, ಹಾನಗಲ್ ಕಡೆ

ನಮಸ್ಕಾರ್ರಿ ಸರ್. ನಮ್ ಲ್ಯಾಬ್‌ನ್ಯಾಗ 22 ಕಂಪ್ಯೂಟರ್ ಅದಾವ, 14 ಕಂಪನಿ ಮಷಿನ್, ಉಳಿದ 8 ಅಸೆಂಬಲ್ಡ್, ಎಲ್ಲಾದ್ರಾಗೂ ವಿಂಡೋಸ್ 10. ಹೋದ ವರ್ಷ ಸರ್ವಿಸ್‌ನವ್ರು ಬಂದು ಎಲ್ಲಾ ಫಾರ್ಮ್ಯಾಟ್ ಹೊಡ್ದು ಹೋದ್ರು, ಆರು ತಿಂಗಳಾದ ಮ್ಯಾಲ ಸ್ಕ್ರೀನ್ ಮೂಲ್ಯಾಗ ಆಕ್ಟಿವೇಟ್ ಮಾಡ್ರಿ ಅಂತ ಬಂತು, ಫೋನ್ ಮಾಡಿದ್ವಿ, ಪೆನ್‌ಡ್ರೈವ್ ತಂದು ಏನೋ ರನ್ ಮಾಡಿ ಲೈಫ್‌ಟೈಮ್ ಆತ್ರಿ ಅಂದ್ರು, ಈಗ ಮತ್ತ ಅದ ಹಾಡು. ಹೆಡ್‌ಮಾಸ್ತರ್ರು ಆನ್‌ಲೈನ್‌ನ್ಯಾಗ 400 ರೂಪಾಯಿಗೆ ಕೀ (ಆಕ್ಟಿವೇಟ್ ಮಾಡೋ ನಂಬರ್) ಸಿಗ್ತಾವಂತ, ತರಿಸ್ಬಿಡ್ರಿ ಅಂತಾರ. ತರಿಸ್ಲೇನ್ರಿ?

ಉತ್ತರ – ಸಿಸ್ಟಮ್ ಅಡ್ಮಿನ್, ಹುಬ್ಬಳ್ಳಿ

ಬ್ಯಾಡ್ರಿ ಮಾಸ್ತರ, ತರಿಸ್ಬ್ಯಾಡ್ರಿ. ಆರು ತಿಂಗಳು ಅಂದ ಕೂಡ್ಲೆ ಗೊತ್ತಾತು. ದೊಡ್ಡ ಸಂಸ್ಥೆಗಳಿಗೆ ಕೆಎಂಎಸ್ ಅಂತ ಒಂದು ಪದ್ಧತಿ ಐತಿ, ಅಲ್ಲಿ ಆಕ್ಟಿವೇಶನ್ 180 ದಿನ ಅಷ್ಟ, ಒಳಗಿನ ಸರ್ವರ್ ಕಡೆ ಮಷಿನ್ ತಾನ ರಿನ್ಯೂ ಮಾಡ್ಕೋತೇತಿ. ನಿಮ್ಮವ್ರು ಹಾಕಿದ್ದು ಅದರ ನಕಲಿ. ಆ ಟೂಲ್ ಓಡ್ಬೇಕಂದ್ರ ಮೊದ್ಲ ಆಂಟಿವೈರಸ್ ಬಂದ್ ಮಾಡ್ತಾರ, ಹುಡುಗ್ರ ಮಾಹಿತಿ ಇರೋ ಮಷಿನ್‌ನ್ಯಾಗ ಯಾರೋ ಮಾಡಿದ್ದ ಫೈಲ್‌ಗೆ ಪೂರ್ತಿ ಅಧಿಕಾರ ಕೊಟ್ಟಂಗ ಆತು, ನನಗ ಅದ ಹೆಚ್ಚಿನ ಚಿಂತಿ.

ಖಾತ್ರಿ ಮಾಡ್ಕೊಳಾಕ ಕಮಾಂಡ್ ಪ್ರಾಂಪ್ಟ್‌ನ್ಯಾಗ ಎಸ್‌ಎಲ್‌ಎಂಜಿಆರ್ ಸ್ಪೇಸ್ ಸ್ಲ್ಯಾಶ್ ಡಿಎಲ್‌ವಿ (slmgr /dlv) ಹೊಡೀರಿ. ಬರೋ ವಿಂಡೋದಾಗ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಅಂತಿದ್ರ ಅದು ನಿಮ್ಮ ಸಾಲಿ ಖರೀದಿ ಮಾಡಿದ್ದಲ್ಲ. ‘ಓಇಎಂ’ ಅಂತಿದ್ರ ಮಷಿನ್ ಜೊತಿಗೇ ಬಂದದ್ದು.

ಈಗ ಖುಷಿ ಸುದ್ದಿ. ಆ 14 ಕಂಪನಿ ಮಷಿನ್‌ಗೆ ನೀವು ರೊಕ್ಕ ಆಗ್ಲೇ ಕೊಟ್ಟಿರ್ಬೇಕು! ವಿಂಡೋಸ್ ಹಾಕೇ ಬಂದ ಮಷಿನ್ ಆಗಿದ್ರ ಕೀ ಬಯೋಸ್ (ಮದರ್‌ಬೋರ್ಡ್ ಚಿಪ್‌ನ್ಯಾಗಿನ ಪ್ರೋಗ್ರಾಂ) ಒಳಗ ಕುಂತಿರ್ತೇತಿ, ಹಳೇವಾದ್ರ ಸಿಪಿಯು ಡಬ್ಬಿ ಮ್ಯಾಲ ಸ್ಟಿಕರ್. ಒಂದ ಮಷಿನ್ ತಗೊಂಡು, ಡೇಟಾ ಬ್ಯಾಕಪ್ ಮಾಡಿ, ಮೈಕ್ರೋಸಾಫ್ಟ್ ಸೈಟ್‌ನಿಂದ ಇಳಿಸಿದ ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕಿ ನೋಡ್ರಿ, ಬಯೋಸ್‌ನ್ಯಾಗ ವಿಂಡೋಸ್ 10ರ ಕೀ ಇದ್ರ ಅದ ಎಡಿಶನ್ (ಹೋಮ್ ಇಲ್ಲಾ ಪ್ರೊ) ತಾನ ಆರಿಸ್ಕೊಂಡು ನೆಟ್ ಹಚ್ಚಿದ ಕೂಡ್ಲೆ ಆಕ್ಟಿವೇಟ್ ಆಗ್ತೇತಿ. ಹೋಮ್ ಕೀ ಮ್ಯಾಲ ಪ್ರೊ ಹಾಕಿದ್ರ ಆಗೂದಿಲ್ಲ, ಬಹಳ ಮಂದಿ ಅಲ್ಲೇ ಎಡವ್ತಾರ. ಮದರ್‌ಬೋರ್ಡ್ ಬದ್ಲಿ ಮಾಡಿಸಿದ್ರೂ ಆ ಲೈಸೆನ್ಸ್ ಹೋತು ಅಂತ ತಿಳೀರಿ.

400 ರೂಪಾಯಿ ಕೀ ಅಂದ್ರ ಬಹಳಷ್ಟು ಸಲ ಯಾವ್ದೋ ಸಂಸ್ಥೆಯಿಂದ ಸೋರಿದ್ದು, ಇವತ್ತು ನಡೀತೇತಿ, ನಾಳೆ ಕಂಪನಿಯವ್ರು ಬ್ಲಾಕ್ ಮಾಡ್ತಾರ. ಆಡಿಟ್‌ನವ್ರು ಲೈಸೆನ್ಸ್ ತೋರ್ಸ್ರಿ ಅಂದ್ರ ಏನ್ ತೋರಿಸ್ತೀರಿ, ಒಂದು ಇಮೇಲ್?

ಮಾಸ್ತರ್ರು: ಸರ್ ಭಾಳ ಉಪಕಾರ ಆತು. ಹಂಗಾದ್ರ ಆ 8 ಅಸೆಂಬಲ್ಡ್‌ಗೆ ವಾಲ್ಯೂಮ್ ಲೈಸೆನ್ಸ್ (ಸಂಸ್ಥೆಗಳಿಗೆ ಒಟ್ಟಿಗೆ ಕೊಡೋ ಲೈಸೆನ್ಸ್) ತಗೋಬೌದೇನ್ರಿ, ಶಿಕ್ಷಣ ಸಂಸ್ಥೆಗೆ ಅಗ್ಗ ಅಂತಾರಲ್ಲ?

ಉತ್ತರ: ಅಗ್ಗ ಐತಿ, ಖರೆ. ಆದ್ರ ವಾಲ್ಯೂಮ್‌ನ್ಯಾಗ ಬರೋ ವಿಂಡೋಸ್ ಬರೇ ಅಪ್‌ಗ್ರೇಡ್ ಲೈಸೆನ್ಸ್, ಕೆಳಗ ಒಂದು ಮೂಲ ಲೈಸೆನ್ಸ್ ಇರಾಕಬೇಕು, ಅಸೆಂಬಲ್ಡ್‌ನ್ಯಾಗ ಅದ ಇರೂದಿಲ್ಲ. ಅದೂ ಅಲ್ದ 14 ಅಕ್ಟೋಬರ್ 2025ಕ್ಕ ವಿಂಡೋಸ್ 10 ಸಪೋರ್ಟ್ ಮುಗದೇತಿ, ವಿಂಡೋಸ್ 11ಕ್ಕ ಟಿಪಿಎಂ 2.0 (ಭದ್ರತಾ ಚಿಪ್) ಬೇಕು, ಇಂಟೆಲ್ ಪ್ರೊಸೆಸರ್ ಆದ್ರ 8ನೇ ಜನರೇಶನ್‌ನಿಂದ ಮ್ಯಾಲಿಂದು. ಆ ಎಂಟರ ಮ್ಯಾಲ ರೊಕ್ಕ ಸುರೀಬ್ಯಾಡ್ರಿ, ವಿಂಡೋಸ್ ಬದ್ಲಿಗೆ ಉಬುಂಟು ಹಾಕ್ರಿ, ಅದು ಪುಕ್ಕಟೆ ಸಿಗೋ ಲಿನಕ್ಸ್. ಕೇರಳದ ಸರ್ಕಾರಿ ಸಾಲಿಗಳು ವರ್ಷಗಟ್ಟಲೆ ಲಿನಕ್ಸ್ ಮ್ಯಾಲೇ ನಡ್ಯಾಕ ಹತ್ಯಾವ. ಲಿಬ್ರೆ ಆಫೀಸ್, ಸ್ಕ್ರ್ಯಾಚ್ ನಡೀತಾವ, ಕನ್ನಡ ಟೈಪಿಂಗ್‌ಗೆ ಕೆಜಿಪಿ ಕೀಬೋರ್ಡ್ ಲೇಔಟೂ ಐತಿ. ಹಳೇ ನುಡಿ ಫಾಂಟ್‌ನ್ಯಾಗ ಹೊಡ್ದ ಫೈಲ್ ಇದ್ರ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೋರಿ.

ಉಳಿದ 14ರಾಗ ವಿಂಡೋಸ್ 11ಕ್ಕ ಹೋಗಲಾರದ್ದು ಇದ್ರ ಸೆಕ್ಯುರಿಟಿ ಅಪ್‌ಡೇಟ್ ಕೊಳ್ಳಾಕ ಬರ್ತೇತಿ, ಶಿಕ್ಷಣ ಸಂಸ್ಥೆಗೆ ಮಷಿನ್‌ಗೆ ಮೊದಲ ವರ್ಷ 1 ಡಾಲರ್, ಆಮ್ಯಾಲ 2, ಮೂರನೇ ವರ್ಷ 4.

ಇನ್ನೊಬ್ರು – ಕಾಲೇಜ್ ಲ್ಯಾಬ್, ಗದಗ: ಅಣ್ಣಾರ, ನಮ್ದು ಅಸಲಿ ಕೆಎಂಎಸ್. ಒಂದ ಮಷಿನ್ ತಯಾರ್ ಮಾಡಿ 40ಕ್ಕೂ ಕ್ಲೋನ್ (ಅದರದ್ದ ನಕಲು) ಹೊಡ್ದೀವಿ, ಸರ್ವರ್‌ನ್ಯಾಗ ಮಷಿನ್ ಕೌಂಟ್ 1 ಬಿಟ್ಟು ಮ್ಯಾಲ ಏರವಲ್ದು, ಒಂದೂ ಆಕ್ಟಿವೇಟ್ ಇಲ್ಲ.

ಉತ್ತರ: ಸಿಸ್‌ಪ್ರೆಪ್ (ಕ್ಲೋನ್‌ಗಿಂತ ಮೊದ್ಲ ಮಷಿನ್‌ನ ಗುರ್ತು ಅಳಸೋ ವಿಂಡೋಸ್ ಟೂಲ್) ಮಾಡಿ ಜನರಲೈಸ್ ಕೊಡದ ಕ್ಲೋನ್ ತೆಗ್ದಿದ್ದೀರಿ ತಮ್ಮಾ. ನಲವತ್ತರ ಐಡಿನೂ ಒಂದ ಆಗೇತಿ, ಸರ್ವರ್‌ಗೆ ಎಲ್ಲಾ ಸೇರಿ ಒಂದ ಮಷಿನ್ ಕಂಡಂಗ. 25 ಬ್ಯಾರೆ ಬ್ಯಾರೆ ವಿಂಡೋಸ್ ಮಷಿನ್ ಕಾಣೋತನ ಅದು ಯಾರಿಗೂ ಆಕ್ಟಿವೇಶನ್ ಕೊಡೂದಿಲ್ಲ (ಹಾನಗಲ್ ಮಾಸ್ತರ್ರಿಗೆ ಕೆಎಂಎಸ್ ಹೊಂದೂದಿಲ್ಲ ಅನ್ನೋದೂ ಅದಕ್ಕ, ಅವ್ರ ಕಡೆ ಇರೂದು 22 ಅಷ್ಟ). ಒಂದೊಂದರಾಗ ಎಸ್‌ಎಲ್‌ಎಂಜಿಆರ್ ಸ್ಪೇಸ್ ಸ್ಲ್ಯಾಶ್ ರಿಆರ್ಮ್ (slmgr /rearm, ಐಡಿ ಹೊಸದು ಮಾಡ್ತೇತಿ) ಕೊಟ್ಟು ರೀಸ್ಟಾರ್ಟ್ ಮಾಡು, ಫೈರ್‌ವಾಲ್‌ನ್ಯಾಗ ಪೋರ್ಟ್ 1688 ತೆರದೇತೋ ನೋಡ್ಕೋ. 30 ದಿನ ಸುದ್ದಿ ಇಲ್ಲದ ಮಷಿನ್ನ ಸರ್ವರ್ ಲೆಕ್ಕದಿಂದ ತೆಗೀತೇತಿ, ಅದಕ್ಕ ಬ್ಯಾಸಿಗಿ ಸೂಟಿ ಮುಗದ ಮ್ಯಾಲ ಕೌಂಟ್ ಕುಸದಿರ್ತೇತಿ. ಕಾಲೇಜ್ ಶುರು ಆದ ದಿನ ಎಲ್ಲಾ ಮಷಿನ್ ಒಂದ ಸಲ ಆನ್ ಮಾಡಿ ನೆಟ್‌ವರ್ಕ್‌ನ್ಯಾಗ ಬಿಡು, ತಾನ ಏರ್ತೇತಿ.

ಗದಗ: ರಿಆರ್ಮ್ ಕೊಟ್ಟೆ, ಕೌಂಟ್ 11ಕ್ಕ ಬಂತು ಅಣ್ಣಾರ, ಉಳಿದವು ನಾಳೆ.