ಕಸ್ತೂರಿ ನಿವಾಸ ಮಾತ್ರ ಹಾಕ್ಬೇಡ ಪುಟ್ಟಿ

ಪುಟ್ಟಿ, ಈಗ ನೋಡ್ದೆ ಕಣೇ ಗ್ರೂಪಲ್ಲಿ ನಿನ್ನ ಮೆಸೇಜು. ಟೈಪ್ ಮಾಡಕ್ಕೆ ಕೂತ್ರೆ ನಂಗೆ ಸಂಜೆ ಆಗೋಗುತ್ತೆ, ಅದಕ್ಕೆ ಮೈಕ್ ಒತ್ತಿ ಮಾತಾಡ್ತಿದೀನಿ, ಅದೇ ಬರ್ಕೊಳುತ್ತೆ, ಎಲ್ಲಾದ್ರೂ ಎಡವಟ್ಟಾಗಿ ಬಂದ್ರೆ ನೀವೇ ಸರಿ ಮಾಡ್ಕೊಂಡು ಓದ್ಕೊಳ್ಳಿ. ಅಪ್ಪ ಆಸ್ಪತ್ರೆಯಿಂದ ಬಂದು ಹನ್ನೆರಡು ದಿನ ಆಯ್ತು, ಊಟ ಸೇರ್ತಿಲ್ಲ, ಪೇಪರ್ ಮುಟ್ತಿಲ್ಲ, ಕಿಟಕಿ ನೋಡ್ಕೊಂಡು ಕೂತಿರ್ತಾರೆ, ಇವತ್ತು ತಾವಾಗೇ ಬಾಯ್ಬಿಟ್ಟು ಕಸ್ತೂರಿ ನಿವಾಸ ಹಾಕು ಅಂದ್ರು, ಹಾಕ್ಲಾ ಅತ್ತೆ, ಬೈಪಾಸ್ ಆದವ್ರು ಅಂಥ ಸಿನಿಮಾ ನೋಡ್ಬೋದಾ ಅಂತ ಕೇಳಿದೀಯ. ಕೇಳಿದ್ದು ಒಳ್ಳೇದಾಯ್ತು. ಕೆಳಗಡೆ ಎಲ್ಲಾರೂ ಹಾಕು ಹಾಕು, ಅಣ್ಣಾವ್ರ ಪಿಚ್ಚರ್ ತಾನೇ ಅಂತ ಕೈಮುಗಿಯೋ ಗೊಂಬೆ ಕಳಿಸಿದಾರೆ. ಹಾಕ್ಬೇಡ. ಬೇರೆ ಏನ್ ಬೇಕಾದ್ರೂ ಹಾಕು, ಕಸ್ತೂರಿ ನಿವಾಸ ಮಾತ್ರ ಹಾಕ್ಬೇಡ.

ಆ ಪಿಚ್ಚರ್ ಮೇಲೆ ನಂಗೆ ಕೋಪ ಅಂತ ಅನ್ಕೋಬೇಡಿ ಮತ್ತೆ. ಅಣ್ಣಾವ್ರು ಮಾಡಿರೋದ್ರಲ್ಲೇ ನಂಗೆ ಅದಕ್ಕಿಂತ ಇಷ್ಟವಾದ್ದು ಇನ್ನೊಂದಿಲ್ಲ. 1971ರಲ್ಲಿ ಬಂತು, ದೊರೈ-ಭಗವಾನ್ ತೆಗೆದಿದ್ದು, ಜಿ.ಕೆ. ವೆಂಕಟೇಶ್ ಮ್ಯೂಸಿಕ್ಕು, ಆಗ ನಂಗೆ ಹದಿನೆಂಟು. ಅವತ್ತಿಂದ ಎಷ್ಟ್ ಸಲ ನೋಡಿದೀನೋ ಲೆಕ್ಕ ಇಲ್ಲ, 2014ರಲ್ಲಿ ಬಣ್ಣ ಹಾಕಿ ಬಿಟ್ಟಾಗ್ಲೂ ಹೋಗಿದ್ದೆ, ನಿಮ್ಮ ಮಾವ ಬರಲ್ಲ ಅಂದ್ರು, ಒಬ್ಳೇ ಹೋಗಿ ಬಾಲ್ಕನಿಲಿ ಕೂತು ಅತ್ಕೊಂಡು ಬಂದೆ. ಇಷ್ಟ ಅಂತ್ಲೇ ಹೇಳ್ತಿರೋದು, ಅದರ ಏಟು ಎಂಥದು ಅಂತ ನಂಗೆ ಗೊತ್ತು.

ನಿಮ್ಮ ತಾತನ ಬೆಲ್ಲದ ಮಂಡಿ ವಿಷ್ಯ ನಿಮಗೆಲ್ಲಾ ಗೊತ್ತಿರೋದೇ, ಮತ್ತೆ ಹೇಳಲ್ಲ. ಜಾಮೀನಿಗೆ ಸೈನ್ ಹಾಕಿದ್ದು, ಆಮೇಲೆ ಆ ಮನುಷ್ಯ ಊರು ಬಿಟ್ಟಿದ್ದು, ಬೆಲ್ಲದ ಮಂಡಿ ಹೋಗಿದ್ದು, ಅದರ ಹಿಂದೇನೇ ಮನೇನೂ ಹೋಗಿದ್ದು. ಅದೆಲ್ಲಾ 87ರಲ್ಲಿ. 88ರ ಹೊತ್ತಿಗೆ ನಿಮ್ಮ ತಾತ ಹಿಂದಿನ ಬೀದಿಲಿ ಎರಡು ರೂಮಿನ ಬಾಡಿಗೆ ಮನೇಲಿದ್ರು. ಆದ್ರೂ ಗಟ್ಟಿಯಾಗೇ ಇದ್ರು ಕಣೇ, ಬೆಳಿಗ್ಗೆ ಎದ್ದು ವಾಕಿಂಗ್ ಹೋಗೋರು, ಬಂದೋರಿಗೆ ಊಟ ಮಾಡ್ಕೊಂಡು ಹೋಗಿ ಅನ್ನೋರು, ನಮ್ಮಮ್ಮ ಒಳಗಡೆ ಅಕ್ಕಿ ಡಬ್ಬ ಅಲ್ಲಾಡಿಸಿ ನೋಡ್ತಿದ್ರೂ ಇವರು ಹೊರಗಡೆ ಎಲೆ ಹಾಕಿಸೋರು. ಆ ಗೌರಿಹಬ್ಬಕ್ಕೆ ನಾನು ತೌರಿಗೆ ಬಂದಿದ್ದೆ. ಇವರಿಗೆ ಬೇಜಾರು ಕಳೀಲಿ ಅಂತ ಒಂದು ರಾತ್ರಿಗೆ ವಿಸಿಪಿ ಬಾಡಿಗೆಗೆ ತರ್ಸಿದ್ವಿ, ಟಿವಿನೂ ಪಕ್ಕದ ಮನೇದು. ಕ್ಯಾಸೆಟ್ ಆರ್ಸಿದ್ದು ನಾನು. ಸೈಕಲಲ್ಲಿ ಹೋಗಿ ತಂದಿದ್ದು ನಿಮ್ಮಪ್ಪ. ಎರಡು ಕ್ಯಾಸೆಟ್, ಸತ್ಯಹರಿಶ್ಚಂದ್ರ, ಕಸ್ತೂರಿ ನಿವಾಸ.

ಮೊದಲು ಹರಿಶ್ಚಂದ್ರ ಹಾಕಿದ್ವಿ. ಏನ್ ಖುಷಿ ಅಂತೀಯ ತಾತಂಗೆ! ನರಸಿಂಹರಾಜು ನಕ್ಷತ್ರಿಕನಾಗಿ ಬಂದು ಕಾಡ್ತಾ ಇದ್ರೆ ಇವರು ತೊಡೆ ತಟ್ಕೊಂಡು ನಗೋರು, ನಮ್ಮ ಬ್ಯಾಂಕಿನೋನು ಇವನೇ ಕಣಮ್ಮ ಅಂತ ನಂಗೆ ತೋರಿಸೋರು. ಎಂ.ಪಿ. ಶಂಕರ್ ವೀರಬಾಹು ಆಗಿ ಸ್ಮಶಾನದಲ್ಲಿ ಕುಣಿದಾಗ ನಿಮ್ಮಪ್ಪಾನೂ ಎದ್ದು ಕುಣಿದ. ರಾಜ್ಯ ಹೋಯ್ತು, ಹೆಂಡ್ತಿ ಮಗನ್ನ ಮಾರಿದ್ದಾಯ್ತು, ಸುಡುಗಾಡು ಕಾಯೋ ಕೆಲಸಕ್ಕೆ ಬಂದಾಯ್ತು, ಇಷ್ಟೆಲ್ಲಾ ಆದ್ರೂ ತಾತಂಗೆ ಏನೂ ಅನ್ನಿಸ್ಲಿಲ್ಲ. ಯಾಕೆ ಅಂದ್ರೆ ಹರಿಶ್ಚಂದ್ರಂಗೆ ಕೊನೇಲಿ ಎಲ್ಲಾ ವಾಪಸ್ ಬರುತ್ತೆ. ಅದು ನಂಗೆ ಆಗ ಹೊಳೀಲಿಲ್ಲ, ಹತ್ತು ಗಂಟೆಗೆ ಇನ್ನೊಂದು ಕ್ಯಾಸೆಟ್ ತುರುಕಿದೆ.

ರವಿವರ್ಮಂಗೆ ಏನೂ ವಾಪಸ್ ಬರಲ್ಲ ಅಲ್ವಾ. ಬೆಂಕಿಪೊಟ್ಣ ಫ್ಯಾಕ್ಟರಿ ಸಾಹುಕಾರ, ತನ್ನ ಹತ್ರ ಕೆಲಸಕ್ಕಿದ್ದ ಹುಡುಗಾನೇ ಮೇಲಕ್ಕೆ ಹೋಗ್ತಾನೆ, ಇವನು ಇಳೀತಾನೇ ಬರ್ತಾನೆ, ಆದ್ರೆ ಕೊಡೋ ಕೈ ಮಾತ್ರ ನಿಲ್ಸಲ್ಲ. ಕಸ್ತೂರಿ ನಿವಾಸಾನೇ ಆ ಹುಡುಗನ ಕೈಗೆ ಹೋಗೋ ಹೊತ್ತಿಗೆ ತಾತ ಮಾತು ನಿಲ್ಸಿದ್ರು. ಕೊನೇಲಿ ಜಯಂತಿ ಬರ್ತಾಳಲ್ಲ, ಮನೆಗೆ ಬಂದೋಳಿಗೆ ಊಟ ಹಾಕಕ್ಕೆ ಅಂತ ತಾನು ಸಾಕಿದ್ದ ಪಾರಿವಾಳನೇ ಮಾರ್ಕೊಂಡಿರ್ತಾನೆ, ಅವಳು ಬಂದಿರೋದು ಆ ಪಾರಿವಾಳನೇ ಕೇಳಕ್ಕೆ. ನಾವೆಲ್ಲಾ ಸೆರಗಲ್ಲಿ ಮುಖ ಮುಚ್ಕೊಂಡು ಅಳ್ತಿದ್ವಿ, ತಾತ ಮಾತ್ರ ಅಳ್ಳಿಲ್ಲ. ಎದ್ದು ಬಚ್ಚಲಿಗೆ ಹೋಗಿ ಕಾಲು ತೊಳ್ಕೊಂಡು ಬಂದು ಗೋಡೆ ಕಡೆ ತಿರುಗಿ ಮಲಗಿದ್ರು. ಮಾರನೇ ದಿನ ಊಟ ಇಲ್ಲ. ಅದರ ಮಾರನೇ ದಿನಾನೂ ಇಲ್ಲ. ಮೂರನೇ ದಿನ ಮಧ್ಯಾಹ್ನ ನನ್ನ ಕೇಳ್ತಾರೆ, ಹಳೇ ಮನೆ ಬೀಗದ ಕೈ ಯಾರತ್ರ ಇದೆ ಅಂತ.

ಅಲ್ಲಿಂದಾಚೆಗೆ ಏನ್ಮಾಡೋರು ಗೊತ್ತಾ, ಯಾರಾದ್ರೂ ಗೇಟ್ ತೆಗೆದ ಸದ್ದಾದ್ರೆ ಸಾಕು, ಚಪ್ಪಲಿ ಕೈಲಿ ಹಿಡ್ಕೊಂಡು ಹಿತ್ತಲ ಬಾಗಿಲಿಂದ ಹೊರಟುಬಿಡೋರು. ಬಂದೋರ್ನ ಎಲೆ ಮುಂದೆ ಕೂರಿಸದೆ ಕಳಿಸ್ದೋರೇ ಅಲ್ಲ ನಿಮ್ಮ ತಾತ, ಎಂಟು ತಿಂಗಳು ಹಿಂಗೆ ಮಾಡಿದ್ರು. ಎಂಟು ತಿಂಗಳು! ನಿಮ್ಮಪ್ಪ ಆ ಕ್ಯಾಸೆಟ್ ವಾಪಸ್ ಕೊಡಕ್ಕೆ ಹೋದಾಗ ಅಂಗಡಿಯವನು ಹೆಂಗಿತ್ತು ಪಿಚ್ಚರ್ ಅಂದ್ನಂತೆ, ಇವನು ಉತ್ತರ ಕೊಡದೆ ಬಂದ. ಅದಕ್ಕೇ ಹೇಳ್ತಿರೋದು, ಈಗ ಎದೆ ಸೀಳಿಸ್ಕೊಂಡು ಮಲಗಿರೋನಿಗೆ ಕಸ್ತೂರಿ ನಿವಾಸ ಹಾಕ್ಬೇಡ. ಅವನು ಕೇಳಿದ್ರೂ ಹಾಕ್ಬೇಡ, ನೆಟ್ ಇಲ್ಲ ಅನ್ನು.

ಈ ಕಥೇನ ಶಿವಾಜಿ ಗಣೇಶನ್ನೂ 75ರಲ್ಲಿ ತಮಿಳಲ್ಲಿ ಮಾಡಿದ್ರು, ಅವನ್‌ದಾನ್ ಮನಿದನ್ ಅಂತ. ಶಿವಾಜಿ ದೊಡ್ಡ ನಟ, ಇಲ್ಲ ಅನ್ನಲ್ಲ, ಆದ್ರೆ ಅವರು ಅಳಿಸ್ತಾರೆ, ಅತ್ರೆ ಹಗುರ ಆಗುತ್ತೆ. ರಾಜಕುಮಾರ್ ಇದ್ರಲ್ಲಿ ಅಳ್ಳಿಕ್ಕೇ ಬಿಡಲ್ಲ, ನೆಟ್ಟಗೆ ನಿಂತ್ಕೊಂಡು ನಗ್ತಾನೇ ಸೋಲ್ತಾ ಹೋಗ್ತಾರೆ. ಅದು ಒಳಗೆ ಹೋಗಿ ಕೂತ್ಕೊಳುತ್ತೆ. ನನ್ನ ಪ್ರಕಾರ ಆ ಗೊಂಬೆ ಹಾಡಲ್ಲಿರೋ ಮುಖ ಒಂದೇ ಸಾಕು, ಬೇರೆ ಯಾವ ಪ್ರಶಸ್ತೀನೂ ಬೇಡ. ಬಂಗಾರದ ಮನುಷ್ಯ ಹಾಕ್ಲಾ ಅಂತೀರೇನೋ, ಸ್ಟೇಟ್ಸ್ ಥಿಯೇಟ್ರಲ್ಲಿ ಎರಡು ವರ್ಷ ಓಡಿದ್ದು ನಿಜ, ಬಂಡೆ ಒಡೆದು ಬೇಸಾಯ ಮಾಡೋವರ್ಗೂ ಮೈ ಜುಂ ಅನ್ನುತ್ತೆ, ಕೊನೇಲಿ ಮತ್ತೆ ಅದೇ, ಎಲ್ಲಾ ಬಿಟ್ಟು ಹೊರಟುಹೋಗ್ತಾನೆ. ಅದೂ ಬೇಡ.

ಮೇಲೆ ನಮ್ಮ ಡೆಲ್ಲಿ ಅಳಿಯಂದ್ರು ಆರ್ಟ್ ಫಿಲ್ಮ್ ಲಿಸ್ಟ್ ಹಾಕಿದಾರೆ, ದೇವರೇ ಕಾಪಾಡ್ಬೇಕು. ತಬರನ ಕಥೆ ಅಂತೆ! ಚಾರುಹಾಸನ್ ಅದ್ರಲ್ಲಿ ಮಾಡಿರೋ ಹಂಗೆ ಯಾರೂ ಮಾಡಕ್ಕಾಗಲ್ಲ, ನ್ಯಾಷನಲ್ ಅವಾರ್ಡೇ ಬಂತು, ಒಪ್ಕೊಂಡೆ. ಆದ್ರೆ ಪಿಂಚಣಿಗೆ ಆಫೀಸು ಆಫೀಸು ಅಲೆಯೋದು, ಆ ಕಡೆ ಹೆಂಡ್ತಿ ಕಾಲು ಕೊಳೀತಿರೋದು, ಅದನ್ನ ಆಪರೇಷನ್ ಆಗಿರೋನ ಮುಂದೆ ಹಾಕ್ತೀರಾ? ಚೋಮನ ದುಡಿನೂ ಅಷ್ಟೇ. ಎಂ.ವಿ. ವಾಸುದೇವರಾವ್ ಆ ದುಡಿ ಬಾರಿಸೋದು ಇವತ್ತಿಗೂ ನನ್ನ ಕಿವೀಲಿದೆ, ಒಂದು ತುಂಡು ಭೂಮಿ ಉಳೋ ಆಸೆ ಮುಖದಲ್ಲೇ ಒಣಗ್ತಾ ಹೋಗುತ್ತಲ್ಲ, ಅಬ್ಬಾ. ನೋಡ್ಬೇಕು, ಎಲ್ಲಾರೂ ನೋಡ್ಬೇಕು, ಹೊಲಿಗೆ ವಾಸಿ ಆದ್ಮೇಲೆ.

ಕಲ್ಪನಾದು ಕೇಳ್ಲೇಬೇಡಿ, ಶುರು ಮಾಡಿದ್ರೆ ನಿಲ್ಸಲ್ಲ. ಶರಪಂಜರ ಅಂದ್ರೆ ಎಲ್ಲಾರೂ ಕೊನೇ ಸೀನ್, ಕೊನೇ ಸೀನ್ ಅಂತಾರೆ. ನಂಗೆ ಅದಲ್ಲ. ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದಿದಾಳೆ, ಆದ್ರೂ ಎಲ್ಲಾರೂ ಹುಚ್ಚಿ ಅಂತ್ಲೇ ನೋಡ್ತಿದಾರೆ, ಅದು ಅವಳಿಗೆ ಸ್ವಲ್ಪ ಸ್ವಲ್ಪವೇ ಗೊತ್ತಾಗ್ತಾ ಬರುತ್ತೆ, ಆಗ ಆ ಕಣ್ಣು ನೋಡ್ಬೇಕು ನೀನು. ತ್ರಿವೇಣಿ ಕಾದಂಬರಿ ನಾನು ಮೊದಲೇ ಓದಿದ್ದೆ, ಆದ್ರೂ ಆ ಕಾವೇರಿ ನಂಗೆ ಗೊತ್ತಾಗಿದ್ದು ಪಿಚ್ಚರ್ ನೋಡ್ದಾಗ. ಗೆಜ್ಜೆಪೂಜೆನೂ ಹಂಗೇ, ಪುಟ್ಟಣ್ಣನ ಕೈಗೆ ಸಿಕ್ಕಿದ್ರೆ ಅವಳು ಬೇರೇನೇ ಆಗೋಗ್ತಿದ್ಲು.

ಹೇಳ್ತಾ ನೆನಪಾಯ್ತು, ಗೆಜ್ಜೆಪೂಜೆ ಹಾಡಿನ ಪುಸ್ತಕ ನನ್ನ ಹತ್ರ ಇತ್ತು. ಶರಪಂಜರದ್ದಿತ್ತು, ನಾಗರಹಾವುದಿತ್ತು, ಎಲ್ಲಾದ್ರದ್ದೂ ಇತ್ತು. ಆಗ ಟಾಕೀಸ್ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರೋರು, ಮುಂದ್ಗಡೆ ಕಥೆ ಅರ್ಧ ಹಾಕಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಅಂತ ಬಿಟ್ಟುಬಿಡೋರು. ಪಿಚ್ಚರಿಗೆ ಕಳಿಸ್ದೇ ಇದ್ದಾಗ ನಾನು ಆ ಅರ್ಧ ಕಥೆ ಓದ್ಕೊಂಡು ಮಿಕ್ಕಿದ್ದು ನಾನೇ ಕಟ್ಕೋತಿದ್ದೆ. ಒಂದು ಟ್ರಂಕ್ ತುಂಬಾ ಇತ್ತು ಕಣೇ. ಮದುವೆಯಾಗಿ ಹೋಗೋವಾಗ ಜಾಗ ಇಲ್ಲ ಅಂತ ತೌರಲ್ಲಿ ಬಿಟ್ಟೆ, ಮಂಡ್ಯದಿಂದ ಮೈಸೂರಿನ ಮನೆಗೂ ಬಂತು ಆ ಟ್ರಂಕು, ನಿನ್ನ ಮದುವೆಗೆ ಸುಣ್ಣಬಣ್ಣ ಹೊಡೆಸೋವಾಗ ರದ್ದಿಯವನಿಗೆ ಹೋಯ್ತು. ತೂಕಕ್ಕೆ! ಯಾರು ಹಾಕಿದ್ದು ಅಂತ ನಾನು ಹೇಳಲ್ಲ, ಈ ಗ್ರೂಪಲ್ಲೇ ಇದಾರೆ, ಎರಡು ನೀಲಿ ಟಿಕ್ಕೂ ಬಂದಿರುತ್ತೆ. ಟ್ರಂಕ್ ಮಾತ್ರ ಜೋಪಾನವಾಗಿ ಇಟ್ಕೊಂಡಿದಾರೆ, ಅದ್ರಲ್ಲಿ ರಾಗಿ ತುಂಬಿದಾರೆ. ಒಂದು ಫೋನ್ ಮಾಡಿ ಕೇಳ್ಬಾರ್ದಾ? ನಾನೇನು ಅಮೆರಿಕಾದಲ್ಲಿದ್ನಾ? ಅವತ್ತು ಛತ್ರದಲ್ಲಿ ನಾನು ಮುಖ ದಪ್ಪ ಮಾಡ್ಕೊಂಡಿದ್ದು ಸೀರೆ ವಿಷ್ಯಕ್ಕೆ ಅಂತ ಇವತ್ತಿಗೂ ಆಡ್ಕೋತಾರೆ, ಸೀರೆಗಲ್ಲ, ಇದಕ್ಕೆ. ಈಗ ಗೊತ್ತಾಯ್ತಾ. ಮೈಸೂರಲ್ಲಿ ಶಾಂತಲಾ ಟಾಕೀಸೂ ಮುಚ್ಚೋಯ್ತು, ಪುಸ್ತಕಾನೂ ಇಲ್ಲ, ಇನ್ನೇನಿದೆ ನೋಡೋಣ ಅಂದ್ರೆ.

ತಡಿ, ಕುಕ್ಕರ್ ಕೂಗ್ತು.

ಹ್ಞಾ, ಏನ್ ಹೇಳ್ತಿದ್ದೆ. ಅಪ್ಪಂಗೆ ಏನ್ ಹಾಕೋದು ಅಂತ ಅಲ್ವಾ. ಅನಂತ್‌ನಾಗ್ ಹಾಕು. ಗಣೇಶನ ಮದುವೆ ಹಾಕು, ಆ ವಠಾರದ ಜಗಳ ನೋಡ್ತಿದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಗೌರಿ ಗಣೇಶ ಹಾಕು. ಉಂಡೂ ಹೋದ ಕೊಂಡೂ ಹೋದ ಹಾಕು, ಊರೋರಿಗೆಲ್ಲಾ ಟೋಪಿ ಹಾಕ್ತಾ ಇದ್ರೂ ಆ ಮನುಷ್ಯನ ಮೇಲೆ ಕೋಪಾನೇ ಬರಲ್ಲ ನೋಡು, ಅಂಥ ಮುಖ ಅದು. ಅದೇ ಮನುಷ್ಯ ಗೋಧಿ ಬಣ್ಣ ಸಾಧಾರಣ ಮೈಕಟ್ಟು ಪಿಚ್ಚರಲ್ಲಿ ಮರೆವು ಬಂದ ಅಪ್ಪ ಆಗಿ ಹೊಟ್ಟೆ ಕಿವುಚಿಬಿಡ್ತಾರೆ, ಅದನ್ನ ಈಗ ಹಾಕ್ಬೇಡ ಮತ್ತೆ. ಭೂತಯ್ಯನ ಮಗ ಅಯ್ಯು ಪೂರ್ತಿ ಬೇಡ, ಲೋಕನಾಥ್ ಉಪ್ಪಿನಕಾಯಿ ತಿನ್ನೋ ಸೀನ್ ಒಂದು ಹಾಕು, ಬಾಯಲ್ಲಿ ನೀರೂರಿ ಒಂದು ತುತ್ತು ಹೆಚ್ಚಿಗೆ ಸೇರುತ್ತೆ, ಆದ್ರೆ ಉಪ್ಪಿನಕಾಯಿ ಕೇಳಿದ್ರೆ ಕೊಡ್ಬೇಡ, ಉಪ್ಪು ಕಮ್ಮಿ ಅಂದಿದಾರಲ್ಲ. ಬಾಲಣ್ಣಂದು ಯಾವ್ದಾದ್ರೂ ಸರಿ. ನಿಮ್ಮಪ್ಪಂಗೂ ಎಡಗಿವಿ ಮಂದ ತಾನೇ, ಬಾಲಕೃಷ್ಣಂಗೆ ಕಿವೀನೇ ಕೇಳ್ತಿರ್ಲಿಲ್ಲ, ಎದುರಿಗಿರೋರ ತುಟಿ ನೋಡ್ಕೊಂಡು ಸರಿಯಾದ ಟೈಮಿಗೆ ಡೈಲಾಗ್ ಬಿಡೋರು, ಅದನ್ನ ಅವನಿಗೆ ಹೇಳು.

ಅಯ್ಯೋ ಮುಖ್ಯವಾದ್ದೇ ಮರೆತೆ. ದಿಂಬು! ನಗೋ ಪಿಚ್ಚರ್ ಹಾಕೋ ಮುಂಚೆ ತೊಡೆ ಮೇಲೆ ಒಂದು ಗಟ್ಟಿ ದಿಂಬು ಇಡು. ಎದೆ ಮೂಳೆ ಸೀಳಿ ತಂತಿ ಹಾಕಿರ್ತಾರೆ, ಕೂಡ್ಕೊಳ್ಳಕ್ಕೆ ಎರಡು ತಿಂಗಳಾದ್ರೂ ಬೇಕು, ನಗು ಬಂದ್ರೆ, ಕೆಮ್ಮು ಬಂದ್ರೆ, ಸೀನು ಬಂದ್ರೆ ಆ ದಿಂಬನ್ನ ಎರಡೂ ಕೈಲಿ ಎದೆಗೆ ಒತ್ತಿ ಅಪ್ಕೋಬೇಕು. ನಿಮ್ಮ ಮಾವಂಗೆ ಆದಾಗ ಆಸ್ಪತ್ರೇಲೇ ಹೇಳ್ಕೊಟ್ಟಿದ್ರು, ನಾನು ತಲೆಗೆ ಹಾಕ್ಕೊಳ್ಳಿಲ್ಲ, ಮನೆಗೆ ಬಂದ ನಾಲ್ಕನೇ ದಿನ ಗಣೇಶನ ಮದುವೆ ಹಾಕ್ಬಿಟ್ಟೆ, ನಕ್ಕೂ ನಕ್ಕೂ ಅಮ್ಮಾ ಅಂತ ಕೂಗ್ಕೊಂಡ್ರು ಪಾಪ. ನಿಮ್ಮಪ್ಪ ದಿಂಬು ಸರಿಯಾಗಿ ಹಿಡ್ಕೊಳ್ಳೋದು ರೂಢಿ ಆದ್ಮೇಲೇ ನಗೋದೆಲ್ಲಾ. ಕಾಲಿಂದಾನೂ ನರ ತೆಗೆದಿದಾರಲ್ಲ, ಇಳಿಬಿಟ್ಕೊಂಡು ಕೂರಿಸ್ಬೇಡ, ಊದ್ಕೊಳುತ್ತೆ, ಸ್ಟೂಲ್ ಮೇಲೆ ಇಡ್ಸು. ಇಂಟರ್ವಲ್‌ಗೆ ನಿಲ್ಸಿ ಹಾಲಲ್ಲಿ ನಾಲ್ಕು ಸುತ್ತು ನಡೆಸು, ಒಂದೇ ಸಲ ಎರಡೂವರೆ ಗಂಟೆ ಬೇಡ. ಇನ್ನೊಂದು ವಾರಕ್ಕೂ ಹಿಂಗೇ ಊಟ ಬಿಟ್ಟು ಕಿಟಕಿ ನೋಡ್ತಿದ್ರೆ ಚೆಕಪ್ ಡೇಟ್‌ಗೆ ಅಂತ ಕಾಯ್ಬೇಡ, ಡಾಕ್ಟ್ರಿಗೆ ಫೋನ್ ಮಾಡಿ ಹೇಳು, ಆಪರೇಷನ್ ಆದ್ಮೇಲೆ ಮನಸ್ಸು ಕುಗ್ಗೋದು ತುಂಬಾ ಜನಕ್ಕೆ ಆಗುತ್ತಂತೆ, ಅದಕ್ಕೂ ನೋಡ್ತಾರೆ.

ಇಷ್ಟೆಲ್ಲಾ ಆದ್ಮೇಲೂ ಅವನು ಕಸ್ತೂರಿ ನಿವಾಸಾನೇ ಬೇಕು ಅಂತ ಹಠ ಹಿಡಿದ್ರೆ, ನಂಗೊತ್ತು ಹಿಡೀತಾನೆ, ಆ ಕ್ಯಾಸೆಟ್ ತಂದಿದ್ದು ಅವನೇ ಅಲ್ವಾ, ನಾನು ಬರೋವರ್ಗೂ ತಡೀಬೇಕಂತೆ ಅಂತ ಹೇಳು. ಭಾನುವಾರ ಬೆಳಿಗ್ಗೆ ಟ್ರೇನಿಗೆ ಬರ್ತೀನಿ. ಬೇಳೆ ನೆನೆ ಹಾಕ್ಬೇಡ, ಅಡಿಗೆ ಮಾಡ್ಕೊಂಡೇ ಬರ್ತೀನಿ, ಆ ಟ್ರಂಕಲ್ಲಿರೋ ರಾಗಿ ಬೇರೆ ಡಬ್ಬಕ್ಕೆ ಹಾಕ್ಸಿಡು ಸಾಕು.